ಡಬ್ಬಿಯ ಪುಡಿ ಕರುಳಿನಲ್ಲಿ ಏನಾಗುತ್ತದೆ? – ‘ಜೀವಕ್ರಿಯೆಗಳು’ ಘಟಕದಲ್ಲಿ ಕೊಲಾಜೆನ್ ಕುರಿತ ಮೂರು ಅವಧಿಗಳ ಪಾಠ

ಪಾಠದ ಹಿನ್ನೆಲೆ

ಅಭ್ಯಾಸ ಬೋಧನೆಯ ಎರಡನೇ ಹಂತದಲ್ಲಿ ಉರಿಗಾಂನ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯ 10ನೇ ತರಗತಿಗೆ ನಾನು ವಿಜ್ಞಾನ ಬೋಧಿಸಿದೆ. ‘ಜೀವಕ್ರಿಯೆಗಳು’ ಘಟಕದಲ್ಲಿ ನನ್ನ ಪಾಲಿಗೆ ಬಂದದ್ದು ಮಾನವನಲ್ಲಿ ಪೋಷಣೆ. ತರಗತಿಯಲ್ಲಿ 31 ಮಕ್ಕಳು. ಓದು ಕನ್ನಡದಲ್ಲಾದರೂ ಹೆಚ್ಚಿನವರ ಮನೆಮಾತು ತಮಿಳು. ಉಳಿದವರದು ತೆಲುಗು, ಕನ್ನಡ, ಉರ್ದು. ಅನೇಕ ಮಕ್ಕಳ ಅಜ್ಜಂದಿರು ಚಿನ್ನದ ಗಣಿಯಲ್ಲಿ ದುಡಿದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಇಲ್ಲಿನ ದುಡಿಮೆ ರೈಲು ಹತ್ತಿತು. ಅಪ್ಪ ಅಮ್ಮ ಬೆಳಗಿನ ಗಾಡಿಗೆ ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋದರೆ ಮನೆಗೆ ಬರುವುದು ರಾತ್ರಿಗೆ. ಹಗಲಿನಲ್ಲಿ ಅಜ್ಜ ಅಜ್ಜಿಯರಿಗೆ ಊಟ, ಮಾತ್ರೆ ಕೊಡುವವರು ಈ ಮಕ್ಕಳೇ. ಆಹಾರದ ಪಾಠ ಮಾಡುವವರು ಮೊದಲು ತಿಳಿದಿರಬೇಕಾದ ಸಂಗತಿ ಇದು.

ಪೂರ್ವಜ್ಞಾನ ಅರಿಯಲು ಒಂದು ಪ್ರಶ್ನೆ ಕೇಳಿದೆ: “ಹೊಟ್ಟೆಗೆ ಒಳ್ಳೆಯದು ಅಂತ ನಿಮ್ಮ ಮನೆಯಲ್ಲಿ ಏನು ಕೊಡ್ತಾರೆ?” ಮಜ್ಜಿಗೆ, ಓಮದ ನೀರು, ಬಾಳೆಹಣ್ಣು, ರಾಗಿ ಅಂಬಲಿ ಎಂಬ ಉತ್ತರಗಳು ಬಂದವು. ತಮಿಳು ಮನೆಯ ಮಕ್ಕಳು ‘ಆಟ್ಟುಕಾಲ್ ಸೂಪು’ ಎಂದರು, ಉರ್ದು ಮನೆಯವರು ‘ಪಾಯ’ ಎಂದರು, ಕನ್ನಡದವರು ‘ಕಾಲು ಸೂಪು’ ಎಂದರು. ಮೂರೂ ಒಂದೇ ಪಾತ್ರೆಯ ಹೆಸರುಗಳು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ, “ಕೊಲಾಜೆನ್ ಪೌಡರ್, ಮಿಸ್. ನಮ್ಮ ತಾತನಿಗೆ ದಿನಾ ಕೊಡ್ತೀವಿ” ಎಂದಳು. ಪರಿಚಯದವರೊಬ್ಬರು ಒಬ್ಬರಿಂದೊಬ್ಬರಿಗೆ ಮಾರುವ ಯೋಜನೆಯಲ್ಲಿ ಸೇರಿ ತಂದುಕೊಟ್ಟ ಡಬ್ಬಿಯದು. ತಿಂಗಳಿಗೆ ಒಂದು ಡಬ್ಬಿ, ಒಂದೂವರೆ ಸಾವಿರ ರೂಪಾಯಿ. ಕರುಳಿನ ಉಬ್ಬರ, ಮಂಡಿ ನೋವು, ಗಣಿಯ ದೂಳು ತುಂಬಿದ ಶ್ವಾಸಕೋಶ, ಮೂರಕ್ಕೂ ಒಳ್ಳೆಯದೆಂದು ಹೇಳಿದ್ದರಂತೆ. ಅವಳು ಕೇಳಿದ್ದು ಒಂದೇ ಮಾತು: “ನಿಜಾನಾ ಮಿಸ್?”

ಇದಕ್ಕೆ ಹೌದು ಅಥವಾ ಇಲ್ಲ ಎಂದುಬಿಡುವುದು ಸುಲಭ. ಆದರೆ ಪಠ್ಯಪುಸ್ತಕದ ಅದೇ ಪುಟಗಳಲ್ಲಿ ಪೆಪ್ಸಿನ್ ಇದೆ, ಟ್ರಿಪ್ಸಿನ್ ಇದೆ, ವಿಲ್ಲೈ ಇದೆ. ಉತ್ತರಕ್ಕೆ ಬೇಕಾದ ಸಾಮಗ್ರಿ ಬಹುಪಾಲು ಮಕ್ಕಳ ಕೈಯಲ್ಲೇ ಇದೆ. ನನ್ನ ಮಾರ್ಗದರ್ಶಕ ಉಪನ್ಯಾಸಕರ ಒಪ್ಪಿಗೆ ಪಡೆದು, ಪ್ರೋಟೀನಿನ ಜೀರ್ಣಕ್ರಿಯೆಯನ್ನು ಈ ಪ್ರಶ್ನೆಯ ಸುತ್ತ ಮೂರು ಅವಧಿಗಳಲ್ಲಿ ಯೋಜಿಸಿದೆ.

ಕಲಿಕಾ ಫಲಗಳು

1. ಪ್ರೋಟೀನು ಜೀರ್ಣಾಂಗದಲ್ಲಿ ಎಲ್ಲಿ, ಯಾವ ಕಿಣ್ವಗಳಿಂದ, ಏನಾಗಿ ಒಡೆಯುತ್ತದೆ ಎಂದು ವಿವರಿಸುವುದು.
2. ತಿಂದ ಪ್ರೋಟೀನಿಗೂ ದೇಹ ಕಟ್ಟಿಕೊಳ್ಳುವ ಪ್ರೋಟೀನಿಗೂ ಇರುವ ಸಂಬಂಧವನ್ನು ತಿಳಿಯುವುದು.
3. ಪ್ರಯೋಗದಲ್ಲಿ ಹೋಲಿಕೆಯ ಮಾದರಿ ಏಕೆ ಬೇಕೆಂದು ಕಾರಣ ಕೊಡುವುದು.
4. ಆಹಾರದ ಡಬ್ಬಿಯ ಮೇಲಿನ ಬರಹವನ್ನು ಓದಿ ಪ್ರಶ್ನಿಸುವುದು.

ಕಲಿಕೋಪಕರಣಗಳು: ಬಣ್ಣದ ಮಣಿಗಳು, ದಾರ, ಕತ್ತರಿ, ಬೇಕರಿ ಸಾಮಾನಿನ ಅಂಗಡಿಯ ಜೆಲಟಿನ್ ಪುಡಿ, ಚೈನಾ ಗ್ರಾಸ್, ಒಂದು ಹಸಿ ಪರಂಗಿಕಾಯಿ, ನಾಲ್ಕು ಗಾಜಿನ ಲೋಟ, ಐಸ್ ಪೆಟ್ಟಿಗೆ, ಹೆಸರಿನ ಮೇಲೆ ಕಾಗದ ಅಂಟಿಸಿದ ಒಂದು ಖಾಲಿ ಕೊಲಾಜೆನ್ ಡಬ್ಬಿ.

ಮೊದಲ ಅವಧಿ: ಮೂರೆಳೆಯ ಜಡೆ

ಕೊಲಾಜೆನ್ ಎಂದರೆ ಚರ್ಮ, ಮೂಳೆ, ಸ್ನಾಯುರಜ್ಜು, ಮೃದ್ವಸ್ಥಿ, ರಕ್ತನಾಳದ ಗೋಡೆ, ಕರುಳಿನ ಗೋಡೆ ಇವನ್ನೆಲ್ಲ ಹಿಡಿದಿಡುವ ನಾರಿನಂಥ ಪ್ರೋಟೀನು. ನಮ್ಮ ದೇಹದ ಒಟ್ಟು ಪ್ರೋಟೀನಿನಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇದೇ ಇದೆ. ಅದರ ರಚನೆ ಹೇಳಲು ಜಡೆಗಿಂತ ಒಳ್ಳೆಯ ಉಪಕರಣ ನನಗೆ ಹೊಳೆಯಲಿಲ್ಲ. ಮೂರು ಮಣಿಸರಗಳನ್ನು ಮಕ್ಕಳೇ ಪೋಣಿಸಿದರು. ಪ್ರತಿ ಸರದಲ್ಲೂ ಮೂರನೆಯ ಮಣಿ ಕೆಂಪು. ಮೂರು ಸರಗಳನ್ನು ಹೆಣೆದಾಗ ಸಣ್ಣಗಿನ ಕೆಂಪು ಮಣಿಗಳು ಒಳಗೆ ಸರಿದು ಜಡೆ ಬಿಗಿಯಾಯಿತು. ಕೆಂಪು ಮಣಿ ಗ್ಲೈಸಿನ್, ಅಮೈನೋ ಆಮ್ಲಗಳಲ್ಲೆಲ್ಲ ಚಿಕ್ಕದು. ಉಳಿದ ಜಾಗಗಳಲ್ಲಿ ಪ್ರೋಲಿನ್, ಹೈಡ್ರಾಕ್ಸಿಪ್ರೋಲಿನ್ ಹೆಚ್ಚು.

ಈ ಮೂರೆಳೆಯ ರಚನೆಯನ್ನು ಬಿಡಿಸಿದವರಲ್ಲಿ ಮೊದಲಿಗರು ಮದ್ರಾಸ್ ವಿಶ್ವವಿದ್ಯಾಲಯದ ಜಿ. ಎನ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿ ಗೋಪಿನಾಥ್ ಕರ್ತ. 1954 ಮತ್ತು 1955ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರ ಲೇಖನಗಳು ಬಂದವು. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೀವಭೌತ ವಿಭಾಗ ಕಟ್ಟಿದರು. ಅಪ್ಪ ಅಮ್ಮ ದಿನವೂ ರೈಲಿನಲ್ಲಿ ಹೋಗುವ ಊರಿನಲ್ಲಿ ಆ ಕೆಲಸ ಮುಂದುವರಿಯಿತು ಎಂದಾಗ ಮಕ್ಕಳು ನೆಟ್ಟಗೆ ಕುಳಿತರು.

ನಂತರ ಒಬ್ಬ ಹುಡುಗನ ಕೈಗೆ ಕತ್ತರಿ ಕೊಟ್ಟೆ. ಅವನು ‘ಪೆಪ್ಸಿನ್’. ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ನಡುವೆ ಕೆಲಸ ಮಾಡಿ ಜಡೆಯನ್ನು ಉದ್ದುದ್ದ ತುಂಡು ಮಾಡಿದ. ಎರಡನೆಯವಳು ‘ಟ್ರಿಪ್ಸಿನ್’, ಮೇದೋಜೀರಕ ಗ್ರಂಥಿಯಿಂದ ಸಣ್ಣ ಕರುಳಿಗೆ ಬಂದವಳು; ತುಂಡುಗಳನ್ನು ಇನ್ನೂ ಚಿಕ್ಕದು ಮಾಡಿದಳು. ಮೂರನೆಯವನು ಸಣ್ಣ ಕರುಳಿನ ಒಳಪದರದ ಕಿಣ್ವ. ಕೊನೆಗೆ ಮೇಜಿನ ಮೇಲೆ ಉಳಿದದ್ದು ಬಿಡಿ ಮಣಿಗಳು, ಅಲ್ಲಲ್ಲಿ ಎರಡು ಮೂರು ಮಣಿಗಳ ಚೂರುಗಳು. ವಿಲ್ಲೈಗಳ ಮೂಲಕ ಹೀರಲ್ಪಟ್ಟು ರಕ್ತದೊಡನೆ ಮೊದಲು ಯಕೃತ್ತಿಗೆ, ಅಲ್ಲಿಂದ ದೇಹಕ್ಕೆಲ್ಲ ಹೋಗುವುದು ಇವೇ.

“ಈ ಮಣಿ ಮಂಡಿಗೆ ಹೋಗಬೇಕು, ಈ ಮಣಿ ಕರುಳಿಗೆ ಹೋಗಬೇಕು ಅಂತ ಎಲ್ಲಾದರೂ ಬರೆದಿದೆಯಾ?” ಎಂದು ಕೇಳಿದೆ. ಒಬ್ಬ ಹುಡುಗ, “ನಮ್ಮ ಬೀದೀಲಿ ಹಳೇ ಮನೆ ಕೆಡವಿದ ಇಟ್ಟಿಗೆ ತಂದು ನಮ್ಮಪ್ಪ ಕಾಂಪೌಂಡ್ ಕಟ್ಟಿದ್ರು ಮಿಸ್. ಅದು ಅಡಿಗೆ ಮನೆ ಇಟ್ಟಿಗೆ ಅಂತ ಮತ್ತೆ ಅಡಿಗೆ ಮನೇನೇ ಆಗಲಿಲ್ಲ” ಎಂದ. ಕಪ್ಪುಹಲಗೆಯ ಸಾರಾಂಶಕ್ಕೆ ಅದನ್ನೇ ತೆಗೆದುಕೊಂಡೆ: ಆಹಾರದ ಪ್ರೋಟೀನು ಇಟ್ಟಿಗೆ ಕೊಡುತ್ತದೆ, ಎಲ್ಲಿ ಏನು ಕಟ್ಟಬೇಕೆಂಬುದನ್ನು ದೇಹದ ಜೀವಕೋಶಗಳು ನಿರ್ಧರಿಸುತ್ತವೆ.

ಇಟ್ಟಿಗೆಯ ಉಪಮೆಗೆ ಒಂದು ತಿದ್ದುಪಡಿ ಬೇಕು. ಅದನ್ನೂ ಅದೇ ಅವಧಿಯಲ್ಲಿ ಹೇಳಿದೆ. ಎರಡು ಮಣಿಗಳ ಕೆಲವು ಚೂರುಗಳು, ಮುಖ್ಯವಾಗಿ ಪ್ರೋಲಿನ್–ಹೈಡ್ರಾಕ್ಸಿಪ್ರೋಲಿನ್ ಜೋಡಿ, ಒಡೆಯದೆ ರಕ್ತಕ್ಕೆ ಸೇರುವುದನ್ನು ವಿಜ್ಞಾನಿಗಳು ಅಳೆದಿದ್ದಾರೆ. ಅವು ಜೀವಕೋಶಗಳಿಗೆ ಸಂಜ್ಞೆಯಂತೆ ಕೆಲಸ ಮಾಡಬಹುದೇ ಎಂಬ ಹುಡುಕಾಟ ನಡೆದಿದೆ. ಚರ್ಮದ ತೇವ ಮತ್ತು ಮಂಡಿ ನೋವಿನ ಕೆಲವು ಪ್ರಯೋಗಗಳಲ್ಲಿ ಅಲ್ಪಸ್ವಲ್ಪ ಅನುಕೂಲ ಕಂಡಿದೆ; ಅಂಥ ಪ್ರಯೋಗಗಳಲ್ಲಿ ಹಲವಕ್ಕೆ ಹಣ ಕೊಟ್ಟವರು ಪುಡಿ ತಯಾರಿಸುವವರೇ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2011ರಲ್ಲಿ ಕೀಲುಗಳ ಕುರಿತ ಹೇಳಿಕೆಯನ್ನು ಪರಿಶೀಲಿಸಿ, ಕಾರಣ–ಪರಿಣಾಮದ ಸಂಬಂಧ ಸ್ಥಾಪನೆಯಾಗಿಲ್ಲ ಎಂದಿತು. ‘ಎಲ್ಲ ಸುಳ್ಳು’ ಎಂದು ಹೇಳಿದರೆ ನಾವೂ ಜಾಹೀರಾತಿನವರ ಹಾಗೆಯೇ ಮಾತಾಡಿದಂತಾಗುತ್ತದೆ.

ಎರಡನೇ ಅವಧಿ: ನಾಲ್ಕು ಲೋಟಗಳು

ಕಾಲು ಸೂಪು ಆರಿದಾಗ ಗಟ್ಟಿಯಾಗಿ ತಟ್ಟೆಗೆ ಅಂಟುವುದನ್ನು ಮಕ್ಕಳೆಲ್ಲ ನೋಡಿದ್ದರು. ಕುದಿಯುವಾಗ ಕೊಲಾಜೆನ್ನಿನ ಜಡೆ ಬಿಚ್ಚಿಕೊಂಡು ಸೂಪಿಗೆ ಇಳಿಯುತ್ತದೆ. ಆರಿದಾಗ ಎಳೆಗಳು ಅಡ್ಡಾದಿಡ್ಡಿ ಸಿಕ್ಕಿಕೊಂಡು ನೀರನ್ನು ಹಿಡಿದಿಡುತ್ತವೆ. ಇದೇ ಜೆಲಟಿನ್. ಅದನ್ನೇ ಕಿಣ್ವಗಳಿಂದ ಇನ್ನಷ್ಟು ಚಿಕ್ಕದಾಗಿ ಒಡೆದು ಒಣಗಿಸಿದರೆ ಡಬ್ಬಿಯ ‘ಹೈಡ್ರಲೈಸ್ಡ್ ಕೊಲಾಜೆನ್’. ತುಂಡುಗಳು ಚಿಕ್ಕವಾದ್ದರಿಂದ ಅದು ತಣ್ಣೀರಿನಲ್ಲೂ ಕರಗುತ್ತದೆ, ಗಟ್ಟಿಯಾಗುವುದಿಲ್ಲ.

ಜೆಲಟಿನ್ ಎಂದ ಕೂಡಲೇ ತರಗತಿಯಲ್ಲಿ ಗುಸುಗುಸು ಎದ್ದಿತು. ಗಣಿ ಮತ್ತು ಕಲ್ಲುಕ್ವಾರಿಯ ಸೀಮೆಯಲ್ಲಿ ‘ಜೆಲಟಿನ್ ಕಡ್ಡಿ’ ಎಂದರೆ ಬಂಡೆ ಸಿಡಿಸುವ ಮದ್ದು. “ಅದನ್ನ ತಿಂತಾರಾ ಮಿಸ್?” ಎಂದು ಒಬ್ಬ ಕೇಳಿದ. 1875ರಲ್ಲಿ ಆಲ್‌ಫ್ರೆಡ್ ನೊಬೆಲ್ ನೈಟ್ರೋಗ್ಲಿಸರಿನ್‌ಗೆ ನೈಟ್ರೋಸೆಲ್ಯುಲೋಸ್ ಬೆರೆಸಿದಾಗ ಲೋಳೆಯಂಥ ಗಟ್ಟಿ ವಸ್ತು ಬಂತು. ನೋಡಲು ಜೆಲಟಿನ್ ಹಾಗಿದ್ದುದರಿಂದ ಆ ಹೆಸರು. ಹೆಸರು ಒಂದೇ, ವಸ್ತು ಬೇರೆ. ಆ ಕಡ್ಡಿ ಎಲ್ಲಿ ಕಂಡರೂ ಮುಟ್ಟಬಾರದು, ದೊಡ್ಡವರಿಗೆ ತಿಳಿಸಬೇಕು. ಈ ಊರಿನಲ್ಲಿ ಈ ಪದವನ್ನು ಬಿಡಿಸಿ ಹೇಳದೆ ಮುಂದೆ ಹೋಗುವಂತಿಲ್ಲ.

ಪ್ರಯೋಗ ಹೀಗಿತ್ತು. ಅರ್ಧ ಲೀಟರ್ ಬಿಸಿನೀರಿಗೆ 20 ಗ್ರಾಂ ಜೆಲಟಿನ್ ಕರಗಿಸಿ, ಉಗುರು ಬೆಚ್ಚಗಾದ ಮೇಲೆ ಮೂರು ಲೋಟಗಳಿಗೆ ಸಮನಾಗಿ ಹಂಚಿದೆ.

ಲೋಟ 1: ಜೆಲಟಿನ್ + ಎರಡು ಚಮಚ ನೀರು.
ಲೋಟ 2: ಜೆಲಟಿನ್ + ಎರಡು ಚಮಚ ಹಸಿ ಪರಂಗಿಕಾಯಿಯ ರಸ.
ಲೋಟ 3: ಜೆಲಟಿನ್ + ಅದೇ ರಸವನ್ನು ಇಪ್ಪತ್ತು ನಿಮಿಷ ಚೆನ್ನಾಗಿ ಕುದಿಸಿ ಆರಿಸಿದ್ದು, ಎರಡು ಚಮಚ.
ಲೋಟ 4: ಕುದಿಸಿ ಕರಗಿಸಿದ ಚೈನಾ ಗ್ರಾಸ್ + ಎರಡು ಚಮಚ ಹಸಿ ರಸ.

ರಾತ್ರಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಐಸ್ ಪೆಟ್ಟಿಗೆಯಲ್ಲಿ ತರಗತಿಗೆ ತಂದೆ. ತೆರೆಯುವ ಮೊದಲು ಪ್ರತಿ ಗುಂಪೂ ಊಹೆ ಬರೆದು ಸಹಿ ಹಾಕಿತು. ಲೋಟಗಳನ್ನು ಓರೆ ಮಾಡಿದಾಗ 1, 3, 4 ಗಟ್ಟಿಯಾಗಿದ್ದವು. 2 ಮಾತ್ರ ನೀರಾಗಿತ್ತು.

ಪರಂಗಿಕಾಯಿಯ ಹಾಲಿನಲ್ಲಿರುವ ಪಾಪೈನ್ ಎಂಬ ಕಿಣ್ವ ಪ್ರೋಟೀನನ್ನು ಕತ್ತರಿಸುತ್ತದೆ. ಕುದಿಸಿದರೆ ಕಿಣ್ವ ಕೆಡುತ್ತದೆ, ಆದ್ದರಿಂದ 3ನೇ ಲೋಟ ಗಟ್ಟಿಯಾಯಿತು. ಚೈನಾ ಗ್ರಾಸ್ ಕಡಲಪಾಚಿಯ ಕಾರ್ಬೋಹೈಡ್ರೇಟು, ಪ್ರೋಟೀನಲ್ಲ. ಪಾಪೈನ್ ಅದನ್ನು ಮುಟ್ಟಲಿಲ್ಲ. “ಮಟನ್ ಬೇಗ ಬೇಯಲಿ ಅಂತ ನಮ್ಮ ಅಮ್ಮಿ ಪರಂಗಿಕಾಯಿ ಹಾಕ್ತಾರೆ” ಎಂದು ಒಬ್ಬಳು ಸೇರಿಸಿದಳು. ಅಡುಗೆಮನೆಯ ಆ ಜಾಣತನವೂ ಇದೇ ಕಿಣ್ವದ್ದು. ನಮ್ಮ ಜೀರ್ಣಾಂಗದಲ್ಲಿ ಈ ಕೆಲಸಕ್ಕೆ ಪಾಪೈನ್ ಬದಲು ಪೆಪ್ಸಿನ್, ಟ್ರಿಪ್ಸಿನ್ ಇವೆ.

“ಎರಡನೇ ಲೋಟ ಒಂದೇ ಇಟ್ಟಿದ್ದರೆ ಸಾಕಿತ್ತಲ್ಲವಾ?” ಎಂದು ಕೇಳಿದೆ. ಚರ್ಚೆಯ ನಂತರ ಒಂದು ಗುಂಪು ಹೇಳಿತು: “ಆಗ ಜೆಲಟಿನ್ನೇ ಸರಿ ಇಲ್ಲ ಅಂತಲೂ ಅನ್ನಬಹುದು ಮಿಸ್, ನೀರು ಜಾಸ್ತಿ ಆಯ್ತು ಅಂತಲೂ ಅನ್ನಬಹುದು.” ಹೋಲಿಕೆಯ ಮಾದರಿ ಏಕೆಂಬುದಕ್ಕೆ ನಾನು ಇದಕ್ಕಿಂತ ಚೆನ್ನಾಗಿ ಹೇಳಲಾರೆ.

ಇಲ್ಲಿ ಎರಡು ಹಳೆಯ ಪ್ರಯೋಗಗಳನ್ನು ಹೇಳಿದೆ. 1747ರಲ್ಲಿ ಹಡಗಿನ ವೈದ್ಯ ಜೇಮ್ಸ್ ಲಿಂಡ್, ಸ್ಕರ್ವಿ ಬಂದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟ. ಕಿತ್ತಳೆ, ನಿಂಬೆ ತಿಂದವರು ಚೇತರಿಸಿಕೊಂಡರು. ಸ್ಕರ್ವಿ ಕೊಲಾಜೆನ್ನಿಗೆ ಸಂಬಂಧಿಸಿದ ಕಾಯಿಲೆಯೇ: ‘ಸಿ’ ಜೀವಸತ್ವವಿಲ್ಲದೆ ದೇಹ ಗಟ್ಟಿ ಜಡೆ ಹೆಣೆಯಲಾರದು, ವಸಡು ಸಡಿಲವಾಗಿ ರಕ್ತ ಒಸರುತ್ತದೆ. ಅವರನ್ನು ಉಳಿಸಿದ್ದು ಕೊಲಾಜೆನ್ ತಿನ್ನಿಸಿದ್ದಲ್ಲ, ದೇಹ ತಾನೇ ಹೆಣೆಯಲು ಬೇಕಾದ ‘ಸಿ’ ಜೀವಸತ್ವ.

ಎರಡನೆಯದು ಮೂಳೆ ಸೂಪಿನದು. 1679ರಲ್ಲಿ ಡೆನಿಸ್ ಪಪಿನ್ ಉಗಿಯ ಒತ್ತಡದಿಂದ ಮೂಳೆ ಬೇಯಿಸುವ ಪಾತ್ರೆ ಮಾಡಿದ. ನಮ್ಮ ಕುಕ್ಕರಿನ ಮುತ್ತಾತ ಅದು. ಮುಂದೆ ಪ್ಯಾರಿಸಿನಲ್ಲಿ ಬಡವರಿಗೆ, ಆಸ್ಪತ್ರೆಯ ರೋಗಿಗಳಿಗೆ ಮಾಂಸದ ಬದಲು ಮೂಳೆಯ ಜೆಲಟಿನ್ ಸೂಪು ಕೊಟ್ಟರೆ ಸಾಕೆಂಬ ವಾದ ಎದ್ದಿತು. ಮಾಜಾಂಡಿ ಎಂಬ ಶರೀರಶಾಸ್ತ್ರಜ್ಞನ ನೇತೃತ್ವದ ಸಮಿತಿ ನಾಯಿಗಳ ಮೇಲೆ ಪ್ರಯೋಗ ನಡೆಸಿ, ಬರೀ ಜೆಲಟಿನ್ ಪ್ರಾಣ ಹಿಡಿದಿಡಲಾರದೆಂದು 1841ರಲ್ಲಿ ವರದಿ ಕೊಟ್ಟಿತು. ಕಾರಣ ಇಂದು ಗೊತ್ತಿದೆ: ಕೊಲಾಜೆನ್ನಿನಲ್ಲಿ ಟ್ರಿಪ್ಟೋಫಾನ್ ಎಂಬ ಅಗತ್ಯ ಅಮೈನೋ ಆಮ್ಲ ಇಲ್ಲವೇ ಇಲ್ಲ. ಪ್ರೋಟೀನಿನ ಲೆಕ್ಕದಲ್ಲಿ ಅದು ಅಪೂರ್ಣ.

ಶ್ವಾಸಕೋಶದ ಪ್ರಶ್ನೆ

ಇದು ಪಠ್ಯದಲ್ಲಿಲ್ಲ. ಆದರೆ ಉರಿಗಾಂನಲ್ಲಿ ಕೊಲಾಜೆನ್ ಎಂದು ಹೇಳಿ ಇದನ್ನು ಬಿಟ್ಟರೆ ಮಕ್ಕಳಿಗೆ ಅನ್ಯಾಯ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದು ಕೋಲಾರದ ಚಿನ್ನದ ಗಣಿಗಳಿಂದ, 1947ರಲ್ಲಿ ಎಂದು ವೈದ್ಯಕೀಯ ವಿದ್ಯಾರ್ಥಿಗಳು ಓದುವ ಸಮುದಾಯ ಆರೋಗ್ಯದ ಪಠ್ಯ ಹೇಳುತ್ತದೆ. ಬಂಡೆ ಕೊರೆಯುವಾಗ ಏಳುವ ಸಿಲಿಕಾ ದೂಳಿನ ಅತಿಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಅವನ್ನು ನುಂಗಿದ ರಕ್ಷಕ ಕೋಶಗಳು ಸಾಯುತ್ತವೆ, ಉರಿಯೂತ ನಿಲ್ಲುವುದಿಲ್ಲ, ಗಾಯ ಮುಚ್ಚಲೆಂದು ದೇಹ ಅಲ್ಲಿ ಕೊಲಾಜೆನ್ ಹೆಣೆಯುತ್ತಲೇ ಹೋಗುತ್ತದೆ. ಮೃದುವಾಗಿ ಹಿಗ್ಗಬೇಕಾದ ಶ್ವಾಸಕೋಶ ಕಲೆಗಟ್ಟಿ ಬಿರುಸಾಗುತ್ತದೆ. ತಾತಂದಿರ ಏದುಸಿರಿಗೆ ಕಾರಣ ಕೊಲಾಜೆನ್ನಿನ ಕೊರತೆಯಲ್ಲ, ಬೇಡದ ಜಾಗದಲ್ಲಿ ಅದು ಸೇರಿದ್ದು.

ಇದನ್ನು ಹೇಳುವಾಗ ಎರಡು ಎಚ್ಚರ ವಹಿಸಿದೆ. ಪುಡಿ ತಿಂದರೆ ಅದೇ ಕೊಲಾಜೆನ್ ಹೋಗಿ ಶ್ವಾಸಕೋಶಕ್ಕೆ ಸೇರುತ್ತದೆ ಎಂಬ ಭಯ ಹುಟ್ಟಬಾರದು. ಮಣಿಯ ಪಾಠವೇ ಅದಕ್ಕೆ ಉತ್ತರ, ಪುಡಿಗೆ ವಿಳಾಸವಿಲ್ಲ. ಹಾಗೆಯೇ ಪುಡಿ ಆ ಕಲೆಯನ್ನು ಕರಗಿಸುತ್ತದೆ ಎಂಬ ಆಸೆಯೂ ಉಳಿಯಬಾರದು. ಸಿಲಿಕೋಸಿಸ್‌ನ ಕಲೆಯನ್ನು ಅಳಿಸುವ ಮದ್ದು ಇಲ್ಲ. ಇಂಥವರಿಗೆ ಕ್ಷಯ ತಗಲುವ ಸಾಧ್ಯತೆ ಹೆಚ್ಚಾದ್ದರಿಂದ ಕೆಮ್ಮು, ಜ್ವರ, ತೂಕ ಇಳಿಯುವುದು ಕಂಡರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಬೇಕು, ಅದಕ್ಕೆ ಹಣವಿಲ್ಲ. ಡಬ್ಬಿಯ ಕಥೆ ಹೇಳಿದ ಹುಡುಗಿ ತನ್ನ ನೋಟ್‌ಬುಕ್ಕಿನಲ್ಲಿ ಮೊದಲು ಬರೆದುಕೊಂಡದ್ದು ಈ ಸಾಲು. ಆ ವಾರವೇ ಅವಳ ತಾಯಿ ಒಂದು ದಿನ ಕೆಲಸಕ್ಕೆ ರಜೆ ಹಾಕಿ ಅವರನ್ನು ಆಸ್ಪತ್ರೆಗೆ ಕರೆದೊಯ್ದರೆಂದು ತರಗತಿ ಶಿಕ್ಷಕಿ ನನಗೆ ತಿಳಿಸಿದರು.

ಮೂರನೇ ಅವಧಿ: ಡಬ್ಬಿ ಓದುವುದು, ಕರುಳಿಗೆ ಬೇಕಾದ್ದು

ಹೆಸರು ಮುಚ್ಚಿದ ಡಬ್ಬಿ ಗುಂಪಿನಿಂದ ಗುಂಪಿಗೆ ಹೋಯಿತು. ಕಂದು ಬಣ್ಣದ ಗುರುತನ್ನು ಮಕ್ಕಳು ಮೊದಲು ಹಿಡಿದರು: ಇದು ಮಾಂಸಾಹಾರ. ಕೊಲಾಜೆನ್ ಬರುವುದು ದನ, ಹಂದಿ, ಕೋಳಿ, ಮೀನುಗಳ ಚರ್ಮ ಮೂಳೆಗಳಿಂದ, ಸಸ್ಯಗಳಲ್ಲಿ ಅದಿಲ್ಲ. ಮನೆಯಲ್ಲಿ ಸಸ್ಯಾಹಾರಿಗಳಿದ್ದರೆ ಈ ಗುರುತು ನೋಡಲೇಬೇಕು. ಸಣ್ಣ ಅಕ್ಷರದಲ್ಲಿ ‘ಔಷಧವಾಗಿ ಬಳಸಲು ಅಲ್ಲ’ ಎಂಬ ಅರ್ಥದ ಇಂಗ್ಲಿಷ್ ಸಾಲಿತ್ತು. ಆರೋಗ್ಯ ಪೂರಕಗಳ ಮೇಲೆ ಹೀಗೆ ಬರೆಯಬೇಕೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮವಿದೆ. “ಔಷಧ ಅಲ್ಲ ಅಂತ ಅವರೇ ಬರೆದಿದ್ದಾರಲ್ಲ ಮಿಸ್!” ಎಂಬ ಉದ್ಗಾರ ಎರಡು ಮೂಲೆಗಳಿಂದ ಬಂತು.

ಮುಂದೆ ಕರುಳಿನ ಹೇಳಿಕೆ. ಕರುಳಿನ ಗೋಡೆಯ ತೂತು ಮುಚ್ಚುತ್ತದೆ ಎಂದು ಇಂಥ ಪುಡಿಗಳ ಪ್ರಚಾರ ಹೇಳುತ್ತದೆ. ಕೆಲವು ಕಾಯಿಲೆಗಳಲ್ಲಿ ಕರುಳಿನ ಒಳಪದರದ ಬಿಗಿ ಸಡಿಲವಾಗುವುದು ನಿಜ. ಆದರೆ ಸಣ್ಣ ಕರುಳಿನ ಆ ಪದರದ ಕೋಶಗಳು ಮೂರರಿಂದ ಐದು ದಿನಕ್ಕೊಮ್ಮೆ ಹೊಸದಾಗುತ್ತಲೇ ಇರುತ್ತವೆ; ಕೊಲಾಜೆನ್ ಪುಡಿ ಅದಕ್ಕೆ ತೇಪೆ ಹಾಕುತ್ತದೆಂದು ಮನುಷ್ಯರಲ್ಲಿ ಸಾಬೀತಾಗಿಲ್ಲ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆರೋಗ್ಯವಂತ ಮಹಿಳೆಯರಿಗೆ ದಿನಕ್ಕೆ 20 ಗ್ರಾಂ ಕೊಲಾಜೆನ್ ಎಂಟು ವಾರ ಕೊಟ್ಟರು. ಕೊನೆಯವರೆಗೆ ಉಳಿದ 14 ಮಂದಿಯಲ್ಲಿ 13 ಮಂದಿ ಹೊಟ್ಟೆಯುಬ್ಬರದಂಥ ತೊಂದರೆ ಕಡಿಮೆಯಾಯಿತೆಂದರು. ಜಾಹೀರಾತಿನಲ್ಲಿ ಇದು ‘93 ಶೇಕಡಾ’ ಆಗಬಹುದು. ಪುಡಿ ತಿನ್ನದ, ಅಥವಾ ಪುಡಿಯಂತೆ ಕಾಣುವ ಬೇರೇನೋ ತಿಂದ ಹೋಲಿಕೆ ಗುಂಪು ಅದರಲ್ಲಿರಲಿಲ್ಲ. “ಅದು ಬರೀ ಎರಡನೇ ಲೋಟ ಇಟ್ಟ ಹಾಗೆ” ಎಂದ ಒಬ್ಬ. ಹಿಂದಿನ ದಿನದ ಪ್ರಯೋಗ ಅಲ್ಲಿಗೆ ಸಾರ್ಥಕವಾಯಿತು.

ಹಾಗಾದರೆ ಕರುಳಿಗೆ ಬೇಕಾದ್ದೇನು? ದೊಡ್ಡ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳಿವೆ. ನಮಗೆ ಜೀರ್ಣವಾಗದ ನಾರೇ ಅವಕ್ಕೆ ಊಟ. ಅವು ನಾರನ್ನು ಹುದುಗಿಸಿದಾಗ ಬ್ಯುಟಿರೇಟ್ ಮೊದಲಾದ ಕಿರು ಕೊಬ್ಬಿನಾಮ್ಲಗಳು ಹುಟ್ಟುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಇಂಧನ ಈ ಬ್ಯುಟಿರೇಟ್. ಡಬ್ಬಿಯ ಕೊಲಾಜೆನ್ನಿನಲ್ಲಿ ನಾರು ಸೊನ್ನೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಸಂಯೋಜನೆ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, 7 ಗ್ರಾಂ ಪ್ರೋಟೀನು, 364 ಮಿಲಿಗ್ರಾಂ ಕ್ಯಾಲ್ಸಿಯಂ ಇವೆ. ಕೋಲಾರ ಸೀಮೆಯ ಮುದ್ದೆ, ಅವರೆಕಾಳು, ಹುರುಳಿ, ಸೊಪ್ಪಿನ ಸಾರು ಸೇರಿದ ಒಂದು ಊಟ ಕರುಳಿಗೆ ಕೊಡುವುದನ್ನು ಪುಡಿ ಕೊಡಲಾರದು. ನಾರನ್ನು ನಿಧಾನವಾಗಿ ಹೆಚ್ಚಿಸಬೇಕು, ನೀರು ಚೆನ್ನಾಗಿ ಕುಡಿಯಬೇಕು, ಇಲ್ಲದಿದ್ದರೆ ಉಬ್ಬರ ಹೆಚ್ಚುತ್ತದೆ ಎಂಬುದನ್ನೂ ಸೇರಿಸಿದೆ. ದೇಹ ತನ್ನ ಕೊಲಾಜೆನ್ ಹೆಣೆಯಲು ಪ್ರೋಟೀನಿನ ಜೊತೆ ‘ಸಿ’ ಜೀವಸತ್ವ ಬೇಕು: ಸೀಬೆಹಣ್ಣು, ನೆಲ್ಲಿಕಾಯಿ, ಊಟದ ಮೇಲೆ ಹಿಂಡಿದ ನಿಂಬೆ.

ಬೆಲೆಯ ಲೆಕ್ಕ ಮಕ್ಕಳದೇ. ರಾಬರ್ಟ್‌ಸನ್‌ಪೇಟೆಯ ಎಂ. ಜಿ. ಮಾರುಕಟ್ಟೆಯಲ್ಲಿ ದರ ಕೇಳಿಕೊಂಡು ಬಂದಿದ್ದರು. ಡಬ್ಬಿಯ ಒಂದು ದಿನದ ಅಳತೆ 10 ಗ್ರಾಂ, ಖರ್ಚು 50 ರೂಪಾಯಿ. ಅಷ್ಟೇ ಪ್ರೋಟೀನು ಸುಮಾರು 42 ಗ್ರಾಂ ಕಡಲೇಕಾಯಿ ಬೀಜದಲ್ಲಿ, 45ರಿಂದ 50 ಗ್ರಾಂ ತೊಗರಿಬೇಳೆಯಲ್ಲಿ, ಎರಡು ಮೊಟ್ಟೆಗಳಲ್ಲಿ ಸಿಗುತ್ತದೆ. ಮೊಟ್ಟೆಯಲ್ಲಂತೂ ಟ್ರಿಪ್ಟೋಫಾನೂ ಇದೆ. ಕಡಲೇಕಾಯಿಯ ಖರ್ಚು ಹತ್ತು ರೂಪಾಯಿಯ ಒಳಗೇ ಮುಗಿಯಿತು. ಕಾಲು ಸೂಪು ಬಿಡಬೇಕೇ ಎಂದು ಒಬ್ಬ ಆತಂಕದಿಂದ ಕೇಳಿದ. ಬಿಡಬೇಕಿಲ್ಲ, ಚಳಿಯಲ್ಲಿ ಮೆಣಸು ಹಾಕಿ ಕುಡಿಯುವ ರುಚಿಯಾದ ಆಹಾರ ಅದು. ಆಹಾರವೆಂದು ಕುಡಿಯಿರಿ, ಔಷಧವೆಂದು ಬೇಡ ಎಂದೆ.

ಮಲದಲ್ಲಿ ರಕ್ತ, ಕಪ್ಪಗಿನ ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ನುಂಗಲು ಕಷ್ಟ ಇವು ಇದ್ದರೆ ಪುಡಿ, ಕಷಾಯ ಯಾವುದನ್ನೂ ಕಾಯದೆ ವೈದ್ಯರಲ್ಲಿಗೆ ಹೋಗಬೇಕು. ಮೂತ್ರಪಿಂಡದ ತೊಂದರೆ ಇರುವವರು ಯಾವುದೇ ಪ್ರೋಟೀನ್ ಪುಡಿಗೆ ಮೊದಲು ವೈದ್ಯರನ್ನು ಕೇಳಬೇಕು. ಇವನ್ನು ಚಾರ್ಟಿನಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕರಲ್ಲೂ ಮಕ್ಕಳೇ ಹೇಳಿ ಬರೆಸಿದರು, ಮನೆಯ ಹಿರಿಯರಿಗೆ ಓದಿ ಹೇಳಲು ಅನುಕೂಲವಾಗಲೆಂದು.

ಮೌಲ್ಯಮಾಪನ

ಘಟಕ ಪರೀಕ್ಷೆಗೆ ಕೊಟ್ಟ ಪ್ರಶ್ನೆಗಳಲ್ಲಿ ಮೂರು ಇವು:

1. ಕುದಿಸಿದ ಪರಂಗಿ ರಸ ಹಾಕಿದ ಜೆಲಟಿನ್ ಗಟ್ಟಿಯಾಯಿತು. ಏಕೆ?
2. ‘ಕೂದಲಿಗೆ ಕೂದಲಿನ ಪ್ರೋಟೀನ್ ತಿನ್ನಿ’ ಎಂಬ ಜಾಹೀರಾತಿಗೆ ನಿಮ್ಮ ಉತ್ತರವೇನು?
3. ‘ನಮ್ಮ ಪುಡಿ ತಿಂದ 10 ಜನರಲ್ಲಿ 9 ಜನಕ್ಕೆ ನೆಗಡಿ ವಾರದಲ್ಲಿ ವಾಸಿಯಾಯಿತು.’ ಇದನ್ನು ಒಪ್ಪುವ ಮೊದಲು ಏನು ಕೇಳುತ್ತೀರಿ?

ಎರಡನೇ ಪ್ರಶ್ನೆಯಲ್ಲಿ ಕೊಲಾಜೆನ್ ಎಂಬ ಪದ ಇಲ್ಲದಿದ್ದರೂ ಹೆಚ್ಚಿನ ಮಕ್ಕಳು ಮಣಿ ಅಥವಾ ಇಟ್ಟಿಗೆಯ ಹೋಲಿಕೆ ಬಳಸಿ ಸರಿಯಾಗಿ ಉತ್ತರಿಸಿದರು. ಮೂರನೆಯದಕ್ಕೆ ಬಂದ ಒಂದು ಉತ್ತರ: “ನೆಗಡಿ ಪುಡಿ ತಿನ್ನದಿದ್ದರೂ ವಾರದಲ್ಲಿ ಹೋಗುತ್ತದೆ. ತಿನ್ನದ 10 ಜನ ಎಲ್ಲಿ?”

ಸಹ ಪ್ರಶಿಕ್ಷಣಾರ್ಥಿಗಳಿಗೆ ಸೂಚನೆಗಳು

ಪರಂಗಿಕಾಯಿ ಹಸಿಯಾಗಿ, ಕೊಯ್ದರೆ ಹಾಲು ಬರುವಂತಿರಬೇಕು. ಹಾಲು ಕೈಗೆ ತುರಿಕೆ ತರುವುದರಿಂದ ಕೈಗವಸು ಹಾಕಿಕೊಳ್ಳಿ. ಪಾಪೈನ್ ಬಿಸಿಯನ್ನು ತಡೆಯುವ ಕಿಣ್ವ. ಎರಡು ನಿಮಿಷ ಕುದಿಸಿದರೆ ಸಾಲದು. ಲೋಟಗಳಲ್ಲಿರುವುದನ್ನು ಯಾರೂ ತಿನ್ನದಂತೆ ನೋಡಿಕೊಳ್ಳಿ. ಜೆಲಟಿನ್ ಮುಟ್ಟಲು ಒಪ್ಪದ ಮಕ್ಕಳಿಗೆ ಚೈನಾ ಗ್ರಾಸಿನ ಲೋಟದ ಹೊಣೆ ಕೊಡಿ. ಅದೂ ಪ್ರಯೋಗದ ಅಷ್ಟೇ ಮುಖ್ಯ ಭಾಗ. ಡಬ್ಬಿಯ ಹೆಸರು ಮುಚ್ಚಿ, ಮಾರುವವರು ಯಾರೆಂದು ತರಗತಿಯಲ್ಲಿ ಕೇಳಬೇಡಿ. ಅವರು ಯಾವುದೋ ಮಗುವಿನ ಅತ್ತೆಯೋ ಚಿಕ್ಕಮ್ಮನೋ ಆಗಿರುತ್ತಾರೆ, ಅವರೂ ಸಂಸಾರ ತೂಗಿಸಲೆಂದೇ ಆ ಕೆಲಸಕ್ಕೆ ಇಳಿದಿರುತ್ತಾರೆ. ಮನೆಗೆ ಹೋಗಿ ಡಬ್ಬಿ ಎಸೆಯಿರಿ ಎಂದೂ ಹೇಳಬೇಡಿ. ಮಕ್ಕಳಿಗೆ ನಾನು ಬರೆಸಿದ ನಾಲ್ಕು ಪ್ರಶ್ನೆಗಳು ಸಾಕು: ಇದರಲ್ಲಿ ಏನಿದೆ? ಹೊಟ್ಟೆಯಲ್ಲಿ ಅದು ಏನಾಗುತ್ತದೆ? ಯಾರೊಡನೆ ಹೋಲಿಸಿ ನೋಡಿದ್ದಾರೆ? ಇದೇ ದುಡ್ಡಿಗೆ ಮಾರುಕಟ್ಟೆಯಲ್ಲಿ ಏನು ಸಿಗುತ್ತದೆ?

ಮುಂದಿನ ಸಲ ಈ ಘಟಕ ತೆಗೆದುಕೊಳ್ಳುವವರು ಕೊಲಾಜೆನ್ನಿನ ಬದಲು ತಮ್ಮ ಶಾಲೆಯ ಸುತ್ತ ಓಡಾಡುತ್ತಿರುವ ಬೇರೆ ಡಬ್ಬಿಯನ್ನು ಆರಿಸಿಕೊಳ್ಳಬಹುದು. ಅದು ಎತ್ತರ ಹೆಚ್ಚಿಸುವ ಪುಡಿಯೋ ರಕ್ತ ಶುದ್ಧಿಯ ರಸವೋ ಆಗಿರಲಿ, ಈ ನಾಲ್ಕು ಪ್ರಶ್ನೆಗಳು ಅಲ್ಲಿಗೂ ಹೊಂದುತ್ತವೆ.